ಮೂರನೇ ಹಾಡು ಮುಗಿದ ಮೇಲೆ

ಅಣ್ಣ,

ನೀನು ತೀರಿಹೋದ ಮೇಲೆ ನಮ್ಮ ಮೆಚ್ಚಿನ ಬ್ಯಾಂಡಿನ ಮೊದಲ ಹೊಸ ಆಲ್ಬಮ್ ಇಂದು ಬಂತು. ಎಂದಿನಂತೆ ಕನ್ನಡಕದ ಅಂಗಡಿಯ ಮಹಡಿಯಲ್ಲಿ ಎಲ್ಲರೂ ಸೇರಿ, ರೆಕಾರ್ಡ್ ಮುಗಿಯುವವರೆಗೆ ತುಟಿ ಪಿಟಕ್ಕೆನ್ನದೆ ಕೇಳಿದೆವು. ಮೂರನೇ ಹಾಡು ಮುಗಿದಾಗ ಎಲ್ಲರ ಕಣ್ಣೂ ಬಾಗಿಲ ಕಡೆ ಹೋಯಿತು. ಹಳೆಯ ಡ್ರಮ್ಮರ್ ಬ್ಯಾಂಡ್ ಬಿಟ್ಟ ನಂತರದ ಯಾವ ಆಲ್ಬಮ್ಮಿಗೂ ನೀನು ಅದಕ್ಕಿಂತ ಹೆಚ್ಚು ಹೊತ್ತು ಒಳಗೆ ಕೂತವನಲ್ಲ. ಎದ್ದು ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದೆ.

ಕೇಳಿ ಮುಗಿದದ್ದೇ ಜಗಳ ಶುರುವಾಯಿತು.

"ವಯಸ್ಸಾದ್ಮೇಲೆ ಇವ್ರು ಹಾಡೋದು ಕಲ್ತ್ರು ಕಣ್ರೀ," ಎಂದರು ಅಂಗಡಿಯವರು.

"ಹಾಡೋದಲ್ಲ ಸ್ವಾಮಿ, ಗೊಣಗೋದು," ಎಂದರು ಡ್ರಾಯಿಂಗ್ ಮೇಷ್ಟ್ರು.

"ನೀವಾದ್ರೂ ಕೇಳಿ ಬೈತೀರಿ. ಇವ್ರಣ್ಣ, ಪಾಪ, ಕೊನೇವರೆಗೂ ಕೇಳ್ದೇನೇ ಬೈದ್ರು," ಎಂದು ಅಂಗಡಿಯವರು ನನ್ನ ಕಡೆ ನೋಡಿದರು.

ರೆಕಾರ್ಡನ್ನು ಮತ್ತೆ ಹಾಕಿದರು. ಮೂರನೇ ಹಾಡು ಮುಗಿಯುತ್ತಲೇ ನಾನು ಎದ್ದು, ಬಾಗಿಲು ಎಳೆದುಕೊಂಡು, ನೀನು ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತೆ.

ಅಲ್ಲಿಗೆ ಎಲ್ಲವೂ ಕೇಳಿಸುತ್ತದೆ. ನಾಲ್ಕನೇ ಹಾಡಿಗೆ ಮುನ್ನ ಹಾಡುಗಾರ ಉಸಿರೆಳೆದುಕೊಂಡದ್ದೂ ಕೇಳಿಸಿತು.

ಮನೆಗೆ ಹೋಗುವ ದಾರಿಯಲ್ಲಿ ನೀನು ಪ್ರತಿಸಲವೂ "ಹೆಂಗಿತ್ತೇ?" ಎನ್ನುತ್ತಿದ್ದೆ. ಕೇಳದವನ ಮುಂದೆ ಹೊಗಳಿ ಯಾಕೆ ಬೇಸರಪಡಿಸಲಿ ಎಂದುಕೊಂಡು ನಾನು "ಪರವಾಗಿಲ್ಲ" ಎನ್ನುತ್ತಿದ್ದೆ. ನೀನು ಇನ್ನೂ ಸ್ವಲ್ಪ ದೂರ ಕಾಯುತ್ತಾ ನಡೆದು, ಆಮೇಲೆ ಬೇರೆ ಮಾತು ತೆಗೆಯುತ್ತಿದ್ದೆ.

ನಾಲ್ಕನೇ ಹಾಡು ತುಂಬಾ ಚೆನ್ನಾಗಿದೆ, ಅಣ್ಣ.