ನಲವತ್ತನೇ ಕಾರ್ಡು

ಫೆಬ್ರವರಿ 3, ಸೋಮವಾರ
ಲಾಂಡ್ರಿಯಲ್ಲಿ ಮತ್ತೆ ಅದೇ ಆಸ್ಪತ್ರೆ ಬೆಡ್‌ಶೀಟ್‌ಗಳ ರಾಶಿ. ಇಸ್ತ್ರಿ ಯಂತ್ರ ಮೊಣಕೈ ಸುಟ್ಟಿತು — ಎರಡನೇ ಸಲ. ಒಬ್ಬೊಬ್ಬರೇ ಮ್ಯಾನೇಜರ್ ಹತ್ರ ಹೋಗಿ ಕೇಳಿ ಸಾಕಾಯ್ತು. ಯೂನಿಯನ್ ಬೇಕೇ ಬೇಕು. ಯೂನಿಯನ್ ಬೇಕೋ ಬೇಡವೋ ಅನ್ನೋ ಚುನಾವಣೆಗೆ ಅರ್ಜಿ ಹಾಕೋಕೆ ಕೆಲಸಗಾರರು ಸಹಿ ಹಾಕಿದ ನಲವತ್ತು ಕಾರ್ಡ್ ಕೇಳಿದ್ದಾಳೆ ಯೂನಿಯನ್ನಿನ ಮಾರ್ಲೀನ್. ಶುಕ್ರವಾರ ಸಂಜೆ ಐದರೊಳಗೆ ಸಿಗದಿದ್ರೆ ಗಂಟುಮೂಟೆ ಕಟ್ತಾಳಂತೆ. ಮೂವತ್ತೊಂಬತ್ತಾಗಿದೆ. ಉಳಿದಿರೋಳು ಓಪಲ್. ಇಪ್ಪತ್ತಾರು ವರ್ಷದಿಂದ ಇಲ್ಲೇ ಟವೆಲ್ ಮಡಿಸ್ತಾಳೆ, ಯಾರನ್ನೂ ನಂಬಲ್ಲ.

ಊಟದ ಬಿಡುವಿನಲ್ಲಿ ಹೇಳಿಬಿಟ್ಟೆ — ಸಹಿ ಹಾಕು, ಸಂಬಳ ಏರೋದು ಗ್ಯಾರಂಟಿ. ಹಾಳು ಬಾಯಿ.

"ಬರೆದುಕೊಡು," ಅಂದಳು.

ಫೆ. 4
ಬರೆಯೋಕೆ ಕೂತೆ. ಕೈ ಓಡಲಿಲ್ಲ. ಇಲ್ಲದ ಭರವಸೆ ಕೊಡಬೇಡ ಅಂತ ಮಾರ್ಲೀನ್ ಮೊದಲೇ ಹೇಳಿದ್ದಳು. ಕೊನೆಗೆ ಬರೆದದ್ದು ಇಷ್ಟು: 'ನಿನ್ನೆ ಹೇಳಿದ್ದು ಸುಳ್ಳು. ಗ್ಯಾರಂಟಿ ಏನೂ ಇಲ್ಲ. ಎಲ್ಲರೂ ಸೇರಿ ಕೇಳ್ತೀವಿ, ಅಷ್ಟೇ. — ಜೊಡೀನ್.' ಓದಿದಳು, ಮಡಿಸಿ ಪರ್ಸಿಗೆ ಹಾಕಿಕೊಂಡಳು. ಕಾರ್ಡ್ ಮಾತ್ರ ಕೇಳಲಿಲ್ಲ. ನನ್ನ ಕೈಯಾರೆ ಕೆಡಿಸಿಕೊಂಡೆ.

ಫೆ. 6, ಗುರುವಾರ
ಮ್ಯಾನೇಜರ್ ಸ್ಟ್ರೌಡ್ ಎಲ್ಲರನ್ನೂ ಕೂರಿಸಿ ಡೋನಟ್ ಹಂಚಿದ. ಯೂನಿಯನ್ ಬಂದರೆ ಬಾಗಿಲು ಮುಚ್ಚೋದೇ ಅಂದ. ಹಾಗೆ ಹೆದರಿಸೋದು ಕಾನೂನಿಗೆ ವಿರುದ್ಧ, ಅವನಿಗೂ ಗೊತ್ತು. ಓಪಲ್ ಎದ್ದು ಪೆನ್ ಚಾಚಿದಳು. "ಬರೆದುಕೊಡಿ." ಅವನು ಪಕ್ಕದಲ್ಲಿದ್ದ ಕಂಪನಿ ಲಾಯರ್ ಮುಖ ನೋಡಿದ. ಲಾಯರ್ ಡೋನಟ್ ನೋಡಿದ.

ಬಿಡುವಿನಲ್ಲಿ ತಾನೇ ಕಾರ್ಡ್ ಕೇಳಿ ತುಂಬಿದಳು. "ನೀನು ಬರೆದುಕೊಟ್ಟೆ ಕಣೇ," ಅಂದಳು. ಟವೆಲ್ ರಾಶಿ ಹಿಂದೆ ಹೋಗಿ ಅತ್ತೆ.

ಫೆ. 7, ಶುಕ್ರವಾರ, ಮಧ್ಯಾಹ್ನ 1
ಕಾರ್ಡ್ ಹಿಡಿದು ಮಾರ್ಲೀನ್ ವಾಪಸ್ ಬಂದಳು. ಸಹಿ ಹಾಕಿದ ತಾರೀಖಿನ ಜಾಗದಲ್ಲಿ ಓಪಲ್ ತಾನು ಹುಟ್ಟಿದ ದಿನ ಬರೆದಿದ್ದಾಳೆ! 1958. ತೊಟ್ಟಿಲಲ್ಲೇ ಯೂನಿಯನ್ ಸೇರಿದಳು, ಮಹಾತಾಯಿ. ಕಾರ್ಡ್ ನಡೆಯಲ್ಲ. ನಾನೇ ತಿದ್ದಿಬಿಡಲಾ? ಯಾರಿಗೆ ಗೊತ್ತಾಗುತ್ತೆ... ಪೆನ್ ಎತ್ತಿದೆ. ಇಟ್ಟೆ. ಅವಳೇ ಹೊಸದು ತುಂಬಬೇಕು. ಅವಳಿಗೆ ಇವತ್ತು ರಜ. ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯೋಕೆ ಹೋಗಿದ್ದಾಳೆ. ಫೋನ್ ಮನೆಯಲ್ಲಿ.

3:50, ಈರಿ ಸರೋವರ
ಐಸ್ ಮೇಲೆ ಎರಡು ಸಲ ಬಿದ್ದೆ. ಮೀನು ಹಿಡಿಯೋರ ಗುಡಾರಗಳಲ್ಲಿ ಏಳನೇದರಲ್ಲಿ ಸಿಕ್ಕಳು. ಪೆನ್ನಿನ ಶಾಯಿ ಕಲ್ಲಾಗಿದೆ. ಕಾರ್ಡಿಗೆ ಪೆನ್ಸಿಲ್ ಬೇಡವೇ ಬೇಡ ಅಂದಿದ್ದಾಳೆ ಮಾರ್ಲೀನ್. ಪೆನ್ನನ್ನ ಓಪಲ್ ಒಲೆಗೆ ಹಿಡಿದು ಕಾಯಿಸ್ತಾ ಇದ್ದಾಳೆ. ಅಲ್ಲಿವರೆಗೂ ನಾನು ಇದನ್ನ ಪೆನ್ಸಿಲಲ್ಲಿ ಗೀಚ್ತಿದ್ದೀನಿ.

ಶಾಯಿ ಇಳೀತು! ಹೊಸ ಕಾರ್ಡಿಗೆ ಸಹಿ ಹಾಕಿದಳು; ಈಗಲೇ ಹೊರಟರೆ ಐದರೊಳಗೆ ಮಾರ್ಲೀನ್ ಕೈಗೆ ಸೇರುತ್ತೆ. ಇವತ್ತು ಎಷ್ಟನೇ ತಾರೀಖು ಅಂದಳು. ಏಳು ಅಂದೆ.

"ಬರೆದುಕೊಡು."

ಬೇರೆ ಹಾಳೆ ಇಲ್ಲ. ಡೈರಿಯ ಈ ಹಾಳೆ ಮೇಲೇ ತಾರೀಖು ಬರೆದು ಹರಿದು ಕೊಡ್ತೀ—