ಕಾಲು ಮುಂದಾಗಿ ಹುಟ್ಟಿದವಳು

ಹಳ್ಳಿಮೈಸೂರು
ಸೋಮವಾರ, ಮಧ್ಯಾಹ್ನ

ಮಗಳೇ ಮಾನ್ಯಾ, ನಿನ್ನ ಸೋದರತ್ತೆ ಗುರುಸಿದ್ದಮ್ಮ ಬರೆಯುವ ಕಾಗದ ಇದು.

ಇತ್ತ ಎಲ್ಲರೂ ಕ್ಷೇಮ ಅಂತ ಬರೆದು ಹೊಡೆದುಹಾಕಿದ್ದೀನಿ, ಮೇಲೆ ಗೀಟು ಕಾಣುತ್ತೆ ನೋಡು. ನಿಮ್ಮಮ್ಮ ಎಂಟು ದಿನದಿಂದ ನೆಟ್ಟಗೆ ಉಂಡಿಲ್ಲ. ಆಮೇಲೆ ಕ್ಷೇಮ ಎಲ್ಲಿಂದ ಬಂತು? ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಏನಾದರೂ ಕೇಳ್ತೀಯ, ನಾನು ಅರ್ಧ ಹೇಳಿ ಅರ್ಧ ನುಂಗಿಕೊಂಡುಬಿಡ್ತೀನಿ. ನುಂಗಿ ನುಂಗಿ ಅಭ್ಯಾಸ ಆಗಿದೆ ನನಗೆ. ಅದಕ್ಕೇ ಕಾಗದ.

ಹೋದ ಭಾನುವಾರ ನೀನು ಹಾಸನಕ್ಕೆ ಹೊರಟು ನಿಂತಾಗ ನಿಮ್ಮಮ್ಮ ಹೊಸ ಚಪ್ಪಲಿ ತಂದು ನಿನ್ನ ಮುಂದಿಟ್ಟಳು. ಹೊಳೆನರಸೀಪುರದಲ್ಲಿ ಎರಡು ಸಲ ಓಡಾಡಿ, ಗಿಡ್ಡ ಉಳಿದ ನಿನ್ನ ಬಲಗಾಲಿನದಕ್ಕೆ ಒಂದಿಂಚು ಅಟ್ಟೆ ಏರಿಸಿ ಹೊಲಿಸಿದ್ದಳು. ನೀನು ಅದನ್ನ ಪಕ್ಕಕ್ಕೆ ಸರಿಸಿ ಅಂದೆ, "ಅವತ್ತು ಬಸ್‌ಸ್ಟಾಪಿಂದ ನನ್ನ ವಾಪಸ್ ಹೊತ್ಕೊಂಡು ಬಂದೋಳು ನೀನು. ಈಗ ಚಪ್ಪಲಿ ಹೊಲಿಸ್ಬಿಟ್ರೆ ಸರಿಹೋಯ್ತಾ?" ಆಮೇಲೆ ಬಗ್ಗಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಮ್ಮನನ್ನ ದಾಟಿಕೊಂಡು ಹೋಗಿಬಿಟ್ಟೆ. ನಾನು ಒಳ್ಳೇದಾಗಲಿ ಅಂತ ಬಾಯಲ್ಲಿ ಹರಸಿದೆನಲ್ಲ, ಆ ಬಾಯಿಗೆ ಮಣ್ಣು ಹಾಕಬೇಕು.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲು ಸೋಕಿಸಿದರೆ ಉಳುಕು ಬಿಡುತ್ತೆ ಅನ್ನೋ ನಂಬಿಕೆ ನಿನಗೂ ಗೊತ್ತು. ಮೂರು ಮುಂಜಾನೆ, ಹೊಸಲಿನ ಮೇಲೆ ಕೂರಿಸಿ, ಎಡಗಾಲಿನ ಹೆಬ್ಬೆರಳಲ್ಲಿ ಮೂರು ಸಲ ಸವರಬೇಕು. ಆ ಮೂರು ದಿನ ಬೇರೆ ಮದ್ದು ಮುಟ್ಟಬಾರದು, ಮುಟ್ಟಿದರೆ ಫಲ ಇಲ್ಲ. ಇದು ನಮ್ಮಜ್ಜಿ ಹೇಳಿಕೊಟ್ಟ ಕಟ್ಟಳೆ. ಗಂಡ ತೀರಿಕೊಂಡು, ಮಕ್ಕಳಿಲ್ಲದೆ ತವರಿಗೆ ಬಂದವಳು ನಾನು. ಮದುವೆ ಮುಂಜಿಯಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲೋಳು. ಆದರೆ ಬೆಳಗಾದರೆ ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದೆಲ್ಲ ಜನ ನನ್ನನ್ನು ಹುಡುಕಿಕೊಂಡು ಬಾಗಿಲಿಗೆ ಬರೋರು. ಊರಿಗೊಬ್ಬಳೇ ಪದ್ಮಾವತಿ ಅಂದುಕೊಂಡಿದ್ದೆ ಕಣೆ.

ಆಗ ನಿನಗೆ ಹತ್ತು ವರ್ಷ. ಕತ್ತಿನ ಹಿಂದೆ ಒಂದು ಕುರ ಎದ್ದಿತ್ತು. ಕೆರೆದು ಕೆರೆದು ಒಡೆದುಕೊಂಡೆ, ಒಣಗಿತು, ಎಲ್ಲರೂ ಮರೆತೆವು. ಹತ್ತು ದಿನದ ಮೇಲೆ ಸ್ಕೂಲಲ್ಲಿ ಖೋಖೋ ಆಡುವಾಗ ಬಿದ್ದೆ. ಮೊಣಕಾಲಿನ ಕೆಳಗೆ ನೋವು ಅಂದೆ. ಮಾರನೇ ದಿನ ಕಾಲು ಊರಲಿಲ್ಲ. ಮೈ ಕಾದ ಹೆಂಚಾಗಿತ್ತು. ನಿಮ್ಮಪ್ಪ ಸಿದ್ದೇಶ ವ್ಯಾಪಾರದ ಮೇಲೆ ಹೊರಗಡೆ ಹೋಗಿದ್ದ. ನಿಮ್ಮಮ್ಮ ಅವತ್ತೇ ಕೇಳಿದಳು, ಹಾಸನಕ್ಕೆ ಕರ್ಕೊಂಡು ಹೋಗ್ಲಾ ಅಕ್ಕಾ ಅಂತ. ನೋವಿಗೆ ಜ್ವರ ಬರೋದೇ, ಉಳುಕಿಗೆ ಯಾವಳು ಆಸ್ಪತ್ರೆಗೆ ಹೋಗ್ತಾಳೆ, ನಾನು ಸತ್ತಿದ್ದೀನಾ ಅಂತ ಅವಳ ಮೇಲೇ ಏರಿಹೋದೆ. ಮೊದಲನೇ ಮುಂಜಾನೆ ನಿನ್ನನ್ನ ಹೊಸಲ ಮೇಲೆ ಕೂರಿಸಿದೆ. ನನ್ನ ಹೆಬ್ಬೆರಳು ಸೋಕಿದ ಕೂಡಲೇ ನೀನು ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಉಳುಕು ಬಿಡುವಾಗ ಹಾಗೇ ಅಂದೆ.

ಎರಡನೇ ಮುಂಜಾನೆ ನಾನು ಎದ್ದು ನೋಡಿದರೆ ನೀವಿಬ್ಬರೂ ಇಲ್ಲ. ಇನ್ನು ಮುಂದಿನದನ್ನ ಸರಿಯಾಗಿ ಓದು. ನಿಮ್ಮಮ್ಮ ನಿನ್ನನ್ನ ಸೊಂಟದ ಮೇಲೆ ಹೊತ್ತುಕೊಂಡು ಮೊದಲನೇ ಬಸ್ಸಿಗೆ ಹೋಗಿ ನಿಂತಿದ್ದಳು. ಹತ್ತು ವರ್ಷದ ಹುಡುಗಿ ನೀನು, ಅವಳೋ ಕಡ್ಡಿ. ನಾನು ಬರಿಗಾಲಲ್ಲಿ ಓಡಿದೆ. ಬಸ್ಸು ದೂರದಲ್ಲಿ ಬರ್ತಾ ಇತ್ತು. ನಾನು ಅಡ್ಡ ನಿಂತು ಅಂದೆ, "ನಡುವೆ ಬಿಟ್ರೆ ಮಗೀನ ಕಾಲು ಸೇದೋಗ್ತದೆ ಕಣೆ ಪ್ರೇಮಾ. ಅಂಗಾದ್ರೆ ಆ ಪಾಪ ನಿಂದೇ." ಯಾವ ತಾಯಿ ಈ ಮಾತು ದಾಟಿ ಬಸ್ಸು ಹತ್ತುತ್ತಾಳೆ ಹೇಳು? ಬಸ್ಸು ಬಂತು, ನಿಂತಿತು, ಹೋಯಿತು. ಅವಳು ಅಳುತ್ತಾ ನಿನ್ನನ್ನ ವಾಪಸ್ ಹೊತ್ತುಕೊಂಡು ಬಂದಳು. ನೀನು ಜ್ವರದಲ್ಲಿ ಅವಳ ಭುಜದ ಮೇಲೆ ತಲೆ ಇಟ್ಟಿದ್ದೆ. ವಾಪಸ್ ಬಂದದ್ದು ಮಾತ್ರ ನಿನ್ನ ನೆನಪಿನಲ್ಲಿ ಉಳಿಯಿತು. ಅಡ್ಡ ನಿಂತವಳು ಉಳಿಯಲಿಲ್ಲ.

ಮೂರನೇ ಮುಂಜಾನೆಯೂ ನಾನು ಬಿಡಲಿಲ್ಲ. ಮಧ್ಯಾಹ್ನಕ್ಕೆ ನೀನು ಏನೇನೋ ಬಡಬಡಿಸೋಕೆ ಶುರು ಮಾಡಿದೆ. ಆಗ ನಿಮ್ಮಮ್ಮ ನನ್ನನ್ನು ಕೇಳಲೂ ಇಲ್ಲ, ಪಕ್ಕದ ಮನೆ ಧರ್ಮೇಂದ್ರನ ಕಾರಿಗೆ ನಿನ್ನನ್ನ ಹಾಕಿಕೊಂಡು ಹೊರಟಳು. ನಾನೂ ಫ್ಲಾಸ್ಕು ಹಿಡಿದು ಹತ್ತಿದೆ.

ನೀನು ಈಗ ಲ್ಯಾಬಿನ ಓದು ಓದುತ್ತಿರೋಳು, ದಿನಾ ರಕ್ತದಲ್ಲಿ ಕ್ರಿಮಿ ಹುಡುಕೋಳು. ನಿನಗೆ ನಾನು ಪಾಠ ಹೇಳೋದು ತಮಾಷೆಯೇ. ಆದರೂ ಅವತ್ತು ಡಾಕ್ಟರು ಶೋಭಿತಾ ನನ್ನಂಥವಳಿಗೂ ತಿಳಿಯೋ ಹಾಗೆ ಹೇಳಿದ್ದು ಇಷ್ಟು. ಕತ್ತಿನ ಕುರದಲ್ಲಿದ್ದ ಕ್ರಿಮಿ ರಕ್ತಕ್ಕೆ ಇಳಿದಿದೆ. ಬೆಳೆಯೋ ಮಕ್ಕಳ ಮೂಳೆ ತುದಿಯಲ್ಲಿ ರಕ್ತ ಹೆಚ್ಚು ಓಡಾಡುತ್ತಂತೆ. ಪೆಟ್ಟೂ ಬಿದ್ದಿತ್ತಲ್ಲ, ಅಲ್ಲೇ ಹೋಗಿ ಕೂತುಬಿಟ್ಟಿದೆ. ಮೂಳೆಯೊಳಗೇ ಕೀವು. ಮೊದಲು ತೆಗೆದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಸ್ಕ್ಯಾನಿನಲ್ಲಿ ಎಲ್ಲ ಕಂಡಿತು. ಮೂಳೆ ಕೊರೆದು ಕೀವು ತೆಗೆದರು. ವಾರಗಟ್ಟಲೆ ಡ್ರಿಪ್ಪು. ಎರಡು ದಿನ ಮುಂಚೆ ಬಂದಿದ್ದರೆ ಕಾಲು ಬೆಳೆಯೋ ಜಾಗ ಉಳಿಯುತ್ತಿತ್ತೇನೋ ಅಂದರು ಆಕೆ. ಎರಡು ದಿನ ಮುಂಚೆ ಅಂದರೆ ಆ ಬಸ್ಸು, ಮಾನ್ಯಾ. ಸರಿಯಾಗಿ ಲೆಕ್ಕ ಹಾಕಿದರೆ ಒಂದು ದಿನ ಆಚೀಚೆ ಆಗಬಹುದು. ನನಗೆ ಮಾತ್ರ ಅದು ಆ ಬಸ್ಸೇ.

ಆಸ್ಪತ್ರೆಗೆ ಸೇರಿಸಿದ ದಿನ ಸಂಜೆ ನಿಮ್ಮಪ್ಪ ಓಡಿ ಬಂದ. ವಾರ್ಡಿನ ಮುಂದೆ ಎಲ್ಲರೆದುರಿಗೆ ನಿಮ್ಮಮ್ಮನನ್ನ ಕೇಳಿದ, "ಮೂರು ದಿನ ಏನ್ ಮಾಡ್ತಿದ್ದೆ? ನೀನೊಬ್ಳು ತಾಯಿನಾ?" ನಾನು ಗೋಡೆಗೆ ಒರಗಿ ನಿಂತಿದ್ದೆ. ಅವಳು ಒಂದು ಸಲ ನನ್ನ ಕಡೆ ನೋಡಿದಳು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತೆ.

ಮಾರನೇ ದಿನ ನಾನೇ ಅವಳ ಹತ್ತಿರ ಹೋದೆ, ಸಿದ್ದೇಶನಿಗೆ ಹೇಳಿಬಿಡ್ತೀನಿ ಅಂದೆ. ಅವಳು ನಿನ್ನ ಹಣೆಗೆ ಒದ್ದೆ ಬಟ್ಟೆ ಹಾಕ್ತಿದ್ದವಳು ತಿರುಗದೇ ಅಂದಳು, "ಬ್ಯಾಡಿ ಅಕ್ಕಾ. ನಾನು ತಾಯಿ, ಇವತ್ತಲ್ಲ ನಾಳೆ ಮಗಳು ನನ್ನ ಕ್ಷಮಿಸ್ತಾಳೆ. ನಿಮ್ಮನ್ನ ಊರು ಕ್ಷಮಿಸಕಿಲ್ಲ." ನಾನು ಸರಿ ಅಂದೆ. ಎಷ್ಟು ಸಲೀಸಾಗಿ ಅಂದೆ ಗೊತ್ತಾ? ಹಸಿದವಳು ತುತ್ತು ನುಂಗಿದ ಹಾಗೆ. ಆಮೇಲೆ ಉಳುಕು ಅಂತ ಬಂದವರಿಗೆಲ್ಲ ಮಂಡಿ ನೋವು, ಕಾಲು ಎತ್ತೋಕಾಗಲ್ಲ ಅಂತ ಹೇಳಿ ಕಳಿಸಿದೆ. ಅದೂ ಸುಳ್ಳೇ. ಅವಳ ನಾಳೆ ಮಾತ್ರ ಒಂಬತ್ತು ವರ್ಷವಾದರೂ ಬರಲಿಲ್ಲ.

ಮೊನ್ನೆ ಶುಕ್ರವಾರ ನಮ್ಮ ಬೀದಿಯ ಮಾರಮ್ಮ ಮೊಮ್ಮಗಳನ್ನ ಎತ್ತಿಕೊಂಡು ಬಂದಳು. ತೊಡೆ ನೋವಂತೆ, ಕಾಲು ಊರಲ್ಲವಂತೆ, ಒಂದೇ ಒಂದು ಸಲ ಸೋಕಿಸು ತಾಯಿ ಅಂದಳು. ನಾನು ಹಣೆ ಮುಟ್ಟಿ ನೋಡಿದೆ, ಸುಡ್ತಿತ್ತು. ಈಗಲೇ ಆಸ್ಪತ್ರೆಗೆ ಹೋಗು ಅಂದರೆ ಅವಳು ಅಲ್ಲಾಡಲಿಲ್ಲ, ನಿನ್ನ ಕಾಲ ಮೇಲೇ ನನಗೆ ನಂಬಿಕೆ ಅಂದಳು. ಆಗ ಬಾಯಿಗೆ ಬಂತು. "ನಮ್ಮ ಮಾನ್ಯನ ಕಾಲು ಆಳು ಮಾಡಿದ್ದೇ ಈ ಕಾಲು ಕಣೆ. ಓಗು." ಅವಳು ಬೆಪ್ಪಾಗಿ ನನ್ನ ಮುಖ ನೋಡಿ, ಆಟೋ ಹತ್ತಿದಳು. ಇಷ್ಟೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತೆ. ಆಗಲಿ. ಮಗು ಆಸ್ಪತ್ರೆಯಲ್ಲಿದೆ, ಬೇಗ ಕರ್ಕೊಂಡು ಬಂದ್ರಿ, ಒಳ್ಳೇದಾಯ್ತು ಅಂದರಂತೆ ಡಾಕ್ಟರು.

ಬೀದಿಯವಳಿಗೆ ಹೇಳಿದ್ದನ್ನ ಒಡಹುಟ್ಟಿದವನಿಗೆ ಹೇಳದಿದ್ದರೆ ಹೇಗೆ? ನಿನ್ನೆ ಸಿದ್ದೇಶನನ್ನ ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು ನನ್ನನ್ನ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹಿತ್ತಲಿಗೆ ಹೋದ. ನಿಮ್ಮಮ್ಮ ಬಟ್ಟೆ ಒಗೆಯುತ್ತಿದ್ದಳು. ಅವನು ಬಕೆಟ್ಟು ಎತ್ತಿಕೊಂಡು ಹೋಗಿ ತಾನೇ ಬಟ್ಟೆ ಹರವಿದ. ಅವಳಿಗೆ ಏನೂ ಅರ್ಥವಾಗದೆ ಸೋಪಿನ ಕೈಯಲ್ಲಿ ಹಾಗೇ ಕೂತಿದ್ದಳು.

ಇನ್ನು ಉಳಿದವಳು ನೀನು. ನನ್ನನ್ನ ಕ್ಷಮಿಸು ಅಂತ ಕೇಳೋಕೆ ಈ ಕಾಗದ ಬರೆದಿಲ್ಲ. ನೀನು ನನ್ನ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡರೂ ನ್ಯಾಯವೇ. ಆದರೆ ಒಂಬತ್ತು ವರ್ಷ ನನಗೆ ಸೇರಬೇಕಾದ ಸಿಟ್ಟನ್ನ ನಿಮ್ಮಮ್ಮ ತಿಂದಿದ್ದಾಳೆ. ಇನ್ನು ಒಂದು ದಿನವೂ ಅವಳು ತಿನ್ನಬಾರದು.

ಶನಿವಾರ ಕ್ಲಾಸು ಮುಗಿಸಿ ಬಾ. ಅಮ್ಮ ಬಸ್‌ಸ್ಟಾಪಿಗೆ ಬಂದಿರ್ತಾಳೆ, ನೀನು ಮಾತಾಡಿಸಿದರೂ ಮಾತಾಡಿಸದಿದ್ದರೂ ಅವಳು ಬರೋದು ತಪ್ಪಿಸಲ್ಲ, ನಿನಗೇ ಗೊತ್ತಲ್ಲ. ಚಪ್ಪಲಿ ಇನ್ನೂ ಬಾಗಿಲ ಹತ್ತಿರವೇ ಇದೆ, ಯಾರನ್ನೂ ಎತ್ತಿಡೋಕೆ ಬಿಟ್ಟಿಲ್ಲ ಅವಳು. ನಾನು ಒಳಗೆ ಅಡುಗೆಮನೆಯಲ್ಲಿರ್ತೀನಿ. ಕರೆದರೆ ಬರ್ತೀನಿ, ಕರೆಯದಿದ್ದರೂ ಬೇಜಾರಿಲ್ಲ. ಆದರೆ ಈ ಸಲ ನನ್ನ ಕಾಲು ಮುಟ್ಟಬೇಡ ಮಗಳೇ. ಈ ಕಾಲು ನಿನ್ನನ್ನ ಮುಟ್ಟಿದ್ದೇ ಸಾಕು. ನಿನ್ನನ್ನ ಹೊತ್ತುಕೊಂಡು ಬಸ್ಸಿಗೆ ಓಡಿದ ಕಾಲು ಬೇರೆ ಇದೆ, ಅದನ್ನ ಮುಟ್ಟು.

ನೂರು ವರ್ಷ ನಡೆದಾಡು ನನ್ನ ಕಂದಾ. ದೂರದಿಂದಲೇ ಹರಸ್ತಿದ್ದೀನಿ.

ಇಂತಿ,
ಅವತ್ತು ಅಡ್ಡ ನಿಂತ ನಿನ್ನ ಅತ್ತೆ,
ಗುರುಸಿದ್ದಮ್ಮ