ಬಾಗಿಲ ಹಿಂದಿನ ಮೊಳೆ

ರೀ,

ಹಳ್ಳಿ ಮನೆ ನೋಡೋಕೆ ಬ್ಯಾಂಕಿನ ಇಂಜಿನಿಯರ್ ಇವತ್ತು ಮಧ್ಯಾಹ್ನ ಬರ್ತಾರಂತೆ. ನನಗೆ ಆಸ್ಪತ್ರೆಯಲ್ಲಿ ರಜೆ ಕೊಡಲಿಲ್ಲ, ನೀವೇ ಹೋಗಿ. ಬೀಗದ ಕೈ ಮನೆ ಮಾರುತ್ತಿರುವ ಅಜ್ಜಿ ಹತ್ತಿರ ಇದೆ.

ಅವರು ಬರೋ ಮೊದಲೇ ನಲ್ಲಿ ಬಿಟ್ಟಿಡಿ, ತುಕ್ಕು ನೀರೆಲ್ಲ ಹರಿದುಹೋಗಲಿ.

ಸರ್ಕಾರ ಜಾಮೀನು ನಿಂತಿರೋ ಸಾಲ, ಮನೆಯಲ್ಲಿ ಒಂದು ಕೊರತೆಯೂ ಇರಬಾರದಂತೆ. ಕಿಟಕಿಯ ಬಣ್ಣ ಎದ್ದುಹೋಗಿದ್ದರೂ ಆಗಲ್ಲ ಅಂತಾರೆ. ಹೋದ ಸಲದ ಮನೆ ಕೈತಪ್ಪಿದ್ದೇ ಹಾಗೆ. ಅದಕ್ಕೇ ನಿನ್ನೆ ಡ್ಯೂಟಿ ಮುಗಿಸಿ ನಾನೊಬ್ಬಳೇ ಹೋಗಿ ಎಲ್ಲ ಕಿಟಕಿಗೂ ಬಣ್ಣ ಬಳಿದು ಬಂದೆ. ಸೊಂಟ ಹಿಡಿದುಕೊಂಡಿದೆ. ಇದೂ ಹೋದರೆ ಇನ್ನೊಬ್ಬರ ಮನೆಗೆ ಬಣ್ಣ ಬಳಿಯೋ ಶಕ್ತಿ ನನಗಿಲ್ಲ.

ಮಲಗೋ ಕೋಣೆ ಬಾಗಿಲ ಹಿಂದಿನ ಗೋಡೆಗೆ ಅಂಗಿ ತಗುಲಿಸೋಕೆ ಮೊಳೆ ಹೊಡೆದು ಗಾರೆ ಉದುರಿಸಿದ್ದೀರಿ. ಸಾಲವೇ ಮಂಜೂರಾಗಿಲ್ಲ, ಕೂಸು ಹುಟ್ಟೋಕೆ ಮುಂಚೆ ಕುಲಾವಿ. ಬೈದುಕೊಂಡೇ ಕಿತ್ತು ಹಾಕಿದೆ. ಆಮೇಲೆ ಅದರ ಕೆಳಗೆ ಇನ್ನೊಂದು ಕಂಡಿತು, ನನ್ನ ಕೈಗೆ ಎಟುಕೋ ಹಾಗೆ.

ಈ ಬಾಡಿಗೆ ಮನೆಯಲ್ಲಿ ಇಷ್ಟು ವರ್ಷದಿಂದ ಒಂದು ಮೊಳೆ ಹೊಡೆಯೋಕೂ ಓನರ್ ಬಿಟ್ಟಿಲ್ಲ.

ಆ ಎರಡನೇ ಮೊಳೆ ಕೀಳೋಕೆ ಕೈ ಬರಲಿಲ್ಲ. ಇಂಜಿನಿಯರ್ ಹೋಗೋವರೆಗೂ ಆ ಬಾಗಿಲು ಪೂರ್ತಿ ತೆರೆದಿಡಿ, ಮರೆಯಾಗುತ್ತೆ.